ಏಳು ದಿನದ ನೀರು

ಏಪ್ರಿಲ್ 30, ಮಂಗಳವಾರ

ಹಳ್ಳಗಳು ಕೆಸರು ಕಕ್ಕಲು ಶುರುಮಾಡಿದವು. ಪಟ್ಟಣದಲ್ಲಿ ದುಡಿಯುವ ಊರಿನವರಿಗೆಲ್ಲ ಒಂದೇ ವಾರ ರಜೆ, ಆದ್ದರಿಂದ ಎಲ್ಲರದ್ದೂ ಒಂದೇ ವಾರ ನಾಟಿ. ಒಂದೇ ದಿನ ಗದ್ದೆ ಕಲಸುತ್ತಾರೆ, ಒಂದೇ ದಿನ ಆ ಕೊಚ್ಚೆಯನ್ನು ಹೊರಗೆ ಬಿಡುತ್ತಾರೆ. ಹಾಯಸೆ ಹಳ್ಳ ಬಿವಾ ಸರೋವರಕ್ಕೆ ಸೇರುವ ಕಡೆ ಸೇತುವೆಯ ಮೇಲೆ ನಿಂತರೆ, ನೀಲಿ ನೀರಿನೊಳಗೆ ಕಂದು ಪಟ್ಟೆ ಕಣ್ಣು ಹಾಯುವಷ್ಟು ದೂರ ಹೋಗಿದೆ. ಅಂಚಿನಲ್ಲಿ ನೊರೆ, ನೊರೆಯಲ್ಲಿ ಹೋದ ವರ್ಷದ ಕೂಳೆ, ಒಂದು ಪ್ಲಾಸ್ಟಿಕ್ ಚಪ್ಪಲಿ. ಇಪ್ಪತ್ತಾರು ವರ್ಷದಿಂದ ನೋಡುತ್ತಿದ್ದೇನೆ, ಹೇಸಿಗೆ ಮಾತ್ರ ಹಳತಾಗುತ್ತಿಲ್ಲ.

ಕೆಸರು ಕಣ್ಣಿಗೆ ಕಾಣುತ್ತದೆ, ಅದಕ್ಕೇ ಎಲ್ಲರೂ ಅದರ ಬಗ್ಗೆ ಮಾತಾಡುತ್ತಾರೆ. ನಾನು ಹಿಡಿಯುವುದು ಕಾಣದ್ದನ್ನು, ಗದ್ದೆಯಿಂದ ಇಳಿದು ಬರುವ ಕಳೆನಾಶಕವನ್ನು. ಮಂಗಳವಾರ ಮಂಗಳವಾರ ಏಳು ಹಳ್ಳ, ನೀರು ಹಿಡಿಯುವ ಹದಿನೆಂಟು ಬಿಂದು. ಬಕೆಟ್ ಇಳಿಸು, ಆ ನೀರಿನಿಂದಲೇ ಗಾಜಿನ ಬಾಟಲಿಯನ್ನು ಮೂರು ಸಲ ತೊಳೆದು ಚೆಲ್ಲು, ನಾಲ್ಕನೆಯದನ್ನು ತುಂಬಿ ಮುಚ್ಚು. ಚಳಿಗೆ ಬೆರಳು ಸೆಟೆದಾಗಲೂ ನಾನು ಮೂರನ್ನು ಎರಡು ಮಾಡಿದವಳಲ್ಲ.

ಏಪ್ರಿಲ್‌ನಲ್ಲಿ ಬಂದ ನಮ್ಮ ನೀರು ಪರೀಕ್ಷೆ ಕಚೇರಿಯ ಹೊಸ ಮುಖ್ಯಸ್ಥ ಕುರಾಮೊಚಿ ಇವತ್ತು ಜೊತೆಗೆ ಬಂದಿದ್ದ. ಬಿಳಿ ಬೂಟು. ಕಾರಿನೊಳಗೆ ಕೂತು ಅರ್ಧ ಗಂಟೆಗೊಮ್ಮೆ ಮಲ್ಲಿಗೆ ವಾಸನೆಯ ಒದ್ದೆ ಕಾಗದದಿಂದ ಬೆರಳು ಒರೆಸಿಕೊಳ್ಳುತ್ತಾನೆ. ಹಳ್ಳದ ಕೊಚ್ಚೆ ವಾಸನೆ ಸಹಿಸಿಕೊಂಡೇನು, ಆ ಕೃತಕ ಮಲ್ಲಿಗೆಗೆ ಕಾರಿನ ಗಾಜು ಇಳಿಸಿ ತಲೆ ಹೊರಗೆ ಹಾಕಿದೆ. ಇದನ್ನೆಲ್ಲ ಬಾಯಿಬಿಟ್ಟು ಹೇಳಿದರೆ ಕೆಲಸ ಹೋಗುತ್ತದೆ. ಅದಕ್ಕೇ ಈ ಪುಸ್ತಕದಲ್ಲಿ ಉಗುಳುತ್ತೇನೆ.

ಮೇ 4, ಶನಿವಾರ

ನಾಟಿ ಆಯಿತು. ನನ್ನ ಎರಡು ಗದ್ದೆಗೂ ನಿಶಿವಾಕಿಯೇ ಯಂತ್ರ ಓಡಿಸಿದ. ವಾರವೆಲ್ಲ ಪಟ್ಟಣದ ಬ್ಯಾಂಕಿನಲ್ಲಿ ಕೂರುವವನು, ಶನಿವಾರ ಭಾನುವಾರ ನಮ್ಮ ಊರಿನ ರೈತ ಸಂಘದ ಅಧ್ಯಕ್ಷ. ಕೆಲಸ ಮುಗಿದ ಮೇಲೆ ಪಂಪಿನ ಮನೆಯ ಮುಂದೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಭಾಷಣ ಮಾಡಿದ. ಕಳೆನಾಶಕ ಹಾಕಿದ ಮೇಲೆ, ಅದು ಮಣ್ಣಿಗೆ ಹಿಡಿಯುವ ತನಕ, ತೂಬಿನ ಹಲಗೆ ಏರಿಸಿ ಏಳು ದಿನ ನೀರು ಕಟ್ಟಬೇಕು, ಒಂದು ಹನಿ ಹೊರಗೆ ಹೋಗಬಾರದು, ದಿನಾಂಕವನ್ನು ಸಂಘದ ಪುಸ್ತಕದಲ್ಲಿ ಬರೆಯಬೇಕು, ಹಾಗಿದ್ದರೆ ಮಾತ್ರ ಅಕ್ಕಿ ಚೀಲದ ಮೇಲೆ, ಸರೋವರ ಕೆಡಿಸದ ಅಕ್ಕಿ ಎಂಬ ಗುರುತಿಗೆ, ಮೀನಿನ ಚಿತ್ರ ಅಂಟಿಸಲು ಒಪ್ಪಿಗೆ. ಎಲ್ಲರೂ ತಲೆಯಾಡಿಸಿದರು. ಹೋದ ವರ್ಷ ಒಬ್ಬ ಮಹಾಶಯ ಏಳು ದಿನದ ಸಹಿಯನ್ನೂ ಮೊದಲ ದಿನವೇ ಒಂದೇ ಪೆನ್ನಿನಲ್ಲಿ ಹಾಕಿ ಮುಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇವರ ಅಡುಗೆಮನೆ ನೋಡಬೇಕು. ಊರಿನ ಪ್ರತಿ ಮನೆಯ ಅಡುಗೆಮನೆಯೊಳಗೂ ನೆಲದಿಂದ ಉಕ್ಕುವ ಊಟೆ ನೀರಿನ ತೊಟ್ಟಿ, ತೊಟ್ಟಿಯಲ್ಲಿ ಪಾತ್ರೆಯ ಅನ್ನದಗುಳು ತಿನ್ನುವ ಮೀನು, ಅಲ್ಲಿಂದ ಹರಿದ ನೀರು ಕಾಲುವೆಯಾಗಿ ಮುಂದಿನ ಮನೆಗೆ. ತೊಟ್ಟಿಗೆ ಒಂದು ತೊಟ್ಟು ಸೋಪು ಬಿದ್ದರೂ ಮರ್ಯಾದೆ ಹೋದಂತೆ, ಯಾಕೆಂದರೆ ಕೆಳಗಿನ ಮನೆಯವರು ಅದೇ ನೀರಿನಲ್ಲಿ ಮೂಲಂಗಿ ತೊಳೆಯುತ್ತಾರೆ. ಮನೆಯೊಳಗೆ ಇಂಥ ಮಡಿ, ಗದ್ದೆಗೆ ಇಳಿದರೆ ಯಾರೂ ನೋಡುತ್ತಿಲ್ಲ ಎಂಬ ಧೈರ್ಯ. ಥೂ.

ಸಾಲಿನ ಕೊನೆಯಲ್ಲಿ ಸನಿಕೆ ಊರಿಕೊಂಡು ಯಾಹೆಯಿ ತಾತ ನಿಂತಿದ್ದ. ಎಂಬತ್ತಾರು ವರ್ಷ, ಊರಿನ ನೀರುಗಂಟಿ. ಸಭೆಯಲ್ಲಿ ಒಂದು ಮಾತೂ ಆಡುವುದಿಲ್ಲ. ಇಡೀ ಊರಿನಲ್ಲಿ ನೋಡಿದರೆ ಮೈ ಉರಿಯದ ಮುಖ ಅದೊಂದೇ. ಮನೆಗೆ ಬಂದರೆ ಬಾಗಿಲ ಮುಂದೆ ಮಣ್ಣು ಮೆತ್ತಿದ ಎರಡು ಬಿದಿರು ಕಳಲೆ. ಯಾರು ಇಟ್ಟರು ಎಂದು ಕೇಳುವ ಹಾಗಿಲ್ಲ, ಉಪಕಾರವಾಯಿತು ಎಂದು ಹೇಳುವ ಹಾಗೂ ಇಲ್ಲ. ಹೇಳಿದರೆ ಇಟ್ಟವರಿಗೆ ಮುಜುಗರ. ಅತ್ತೆ ಕಳಲೆ ಸುಲಿದು ಬೇಯಿಸಿದರು.

ಮೇ 11, ಶನಿವಾರ

ನೀರಿನಲ್ಲಿ ಕರಗುವ ಕಳೆನಾಶಕದ ಪೊಟ್ಟಣಗಳನ್ನು ಗದ್ದೆಗೆ ಹತ್ತರಂತೆ ಎಸೆದೆ. ಚೀಟಿಯಲ್ಲಿ ಹೇಳಿದಂತೆ ನಾಲ್ಕು ಬೆರಳು ನೀರು ನಿಲ್ಲಿಸಿ ಹಲಗೆ ಭದ್ರ ಮಾಡಿದೆ. ಪುಸ್ತಕದಲ್ಲಿ ಬರೆದೆ. ಗಂಡ ಹಿಸಾಶಿ ತೀರಿಹೋಗಿ ನಾಲ್ಕು ವರ್ಷವಾಯಿತು, ಒಂದು ವರ್ಷವೂ ನಾನು ಈ ಏಳು ದಿನ ತಪ್ಪಿಸಿಲ್ಲ.

ಮೇ 14, ಮಂಗಳವಾರ

ನಾಲ್ಕನೇ ಬಿಂದು ನಮ್ಮ ಊರಿನ ಗದ್ದೆಗಳ ನೀರು ಹಾಯಸೆ ಹಳ್ಳಕ್ಕೆ ಇಳಿಯುವ ಜಾಗ. ಅಲ್ಲಿಗೆ ಬರುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಊರಿನ ಪಕ್ಕದಲ್ಲೇ ಇದ್ದು ಕರೆಯದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಕುರಾಮೊಚಿಯನ್ನು ಮನೆಗೆ ಕರೆದೆ. ಅತ್ತೆ ಎರಡು ವರ್ಷದ ಫುನಾಜುಶಿ ತೆಗೆದರು. ಸರೋವರದ ಮೀನಿಗೆ ಉಪ್ಪು ಹಾಕಿ, ಅನ್ನದಲ್ಲಿ ಹೂತು, ಕಲ್ಲು ಹೇರಿ ಹುಳಿ ಬರಿಸಿದ್ದು. ದೇವರಂಥ ಅತಿಥಿಗೆ ಮಾತ್ರ ಕೊಡುವುದು. ಅವನು ತುಂಡನ್ನು ಬಾಯಿಗೆ ಇಟ್ಟವನೇ ಕೆಮ್ಮುವ ನಟನೆ ಮಾಡಿ ಕಾಗದಕ್ಕೆ ಉಗುಳಿ, ಕಾಗದವನ್ನು ಕೋಟಿನ ಜೇಬಿಗೆ ಸೇರಿಸಿದ. ಆಮೇಲೆ ಭೇಷ್ ಎಂದು ಹೊಗಳಿದ. ಅತ್ತೆ ನೋಡಿದರು. ಎಂಬತ್ತಮೂರು ವರ್ಷದ ಹೆಂಗಸಿಗೆ ಅಷ್ಟು ಕಾಣದೇ?

ಮಧ್ಯಾಹ್ನವೆಲ್ಲ ಕಾರಿನಲ್ಲಿ ಆ ಜೇಬು ನಾರುತ್ತಿತ್ತು. ಮಲ್ಲಿಗೆ ಕಾಗದ ಎಷ್ಟು ಒರೆಸಿದರೂ ಹೋಗಲಿಲ್ಲ. ಈ ತಿಂಗಳಲ್ಲಿ ನನಗೆ ಸಂತೋಷ ಕೊಟ್ಟ ಸಂಗತಿ ಇದೊಂದೇ.

ಸಂಜೆ ಗದ್ದೆ ನೋಡಿದೆ. ನಾಲ್ಕು ಬೆರಳು ಇದ್ದ ನೀರು ಎರಡಕ್ಕೆ ಇಳಿದಿದೆ. ಹಲಗೆ ಇಟ್ಟಲ್ಲೇ ಇದೆ. ಬದುವಿನಲ್ಲಿ ಏಡಿ ಬಿಲ ಇರಬೇಕು. ಸಿಕ್ಕಿದ ಎರಡು ತೂತಿಗೆ ಮಣ್ಣು ಮೆತ್ತಿದೆ.

ಮೇ 20, ಸೋಮವಾರ

ಹದಿನಾಲ್ಕನೇ ತಾರೀಖು ಹಿಡಿದ ನೀರಿನ ಅಂಕಿ ಬಂತು, ಲೀಟರಿಗೆ ಎಷ್ಟು ಮೈಕ್ರೋಗ್ರಾಂ ಕಳೆನಾಶಕ ಎಂಬುದು. ಬೇರೆ ಬಿಂದುಗಳಲ್ಲಿ ಒಂದು, ಎರಡು. ನಾಲ್ಕನೇ ಬಿಂದುವಿನಲ್ಲಿ ಹತ್ತೊಂಬತ್ತು.

ಹತ್ತೊಂಬತ್ತು! ಎರಡು ದಿನ ಮುಂಚೆ ಸರೋವರಕ್ಕೆ ದೀಪ ಬಿಡುವ ಹಬ್ಬದ ಸಿದ್ಧತೆಗೆ ಸೇರಿ ಜಲವೇ ತಾಯಿ ಎಂದು ಹಾಡಿದ ಬಾಯಿಗಳು ಇವು. ಪುಸ್ತಕದಲ್ಲಿ ಎಲ್ಲರ ಸಹಿ ಅಚ್ಚುಕಟ್ಟು. ನಿಶಿವಾಕಿ ಸುಳ್ಳುಗಾರ. ಅವನ ತಮ್ಮ ಸುಳ್ಳುಗಾರ. ಮೂಲೆಮನೆಯ ಇಬ್ಬರೂ ಸುಳ್ಳುಗಾರರು. ಪಟ್ಟಣಕ್ಕೆ ಓಡುವ ಅವಸರದಲ್ಲಿ ಯಾರೋ ಹಲಗೆ ಕಿತ್ತು ಬಿಸಾಕಿದ್ದಾರೆ, ಉಳಿದವರು ಕಂಡೂ ಕಾಣದ ಹಾಗೆ ಇದ್ದಾರೆ. ಇಂಥವರ ಜೊತೆ ಒಂದೇ ಕಾಲುವೆಯ ನೀರು ಕುಡಿಯುತ್ತಿದ್ದೇನಲ್ಲ ಎಂದು ಊಟ ಸೇರಲಿಲ್ಲ.

ಮೇ 22, ಬುಧವಾರ

ಸಂಘದ ಸಭೆಯಲ್ಲಿ ಅಂಕಿ ಓದಿದೆ. ಒಬ್ಬರಾದರೂ ಸಿಟ್ಟಾಗಬಾರದೇ? ಬೈದಿದ್ದರೂ ಸಮಾಧಾನವಾಗುತ್ತಿತ್ತು. ಎಲ್ಲರೂ ಅಯ್ಯೋ ಪಾಪ ಎಂಬ ಮುಖ ಮಾಡಿಕೊಂಡು, ಸೀಟಿಯಂಥ ಶಬ್ದದಲ್ಲಿ ಹಲ್ಲಿನ ಸಂದಿಯಿಂದ ಉಸಿರು ಎಳೆದುಕೊಂಡರು. ನಿಶಿವಾಕಿ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದಿಟ್ಟ.

"ನೋಡಿ ಚಿಗುಸಾ-ಸಾನ್, ಎಲ್ಲಾರೂ ಬರ್ದಿದಾರೆ. ನಿಮ್ದೂ ಇದೆ. ಮೇಲಿನ ಊರಿಂದ ಏನಾದ್ರೂ ಬಂದಿರ್ಬೇಕು."

ಮೇಲಿನ ಊರಿನ ಕೆಳಗೆ ಮೂರನೇ ಬಿಂದು ಇದೆ, ಅಲ್ಲಿ ಒಂದೂವರೆ ಎಂದೆ. ಮತ್ತೆ ಉಸಿರು ಎಳೆದುಕೊಂಡರು. ಚಹಾ ಬಂತು. ಯಾಹೆಯಿ ತಾತ ಗೋಡೆಗೊರಗಿ ತೂಕಡಿಸುತ್ತಿದ್ದ. ಪಾಪ, ನಾಲ್ಕು ಗಂಟೆಗೇ ಏಳುವ ಮನುಷ್ಯ.

ಮೇ 27, ಸೋಮವಾರ

ಇಪ್ಪತ್ತೊಂದನೇ ತಾರೀಖಿನ ಅಂಕಿ: ನಾಲ್ಕನೇ ಬಿಂದುವಿನಲ್ಲಿ ಹದಿನಾಲ್ಕು. ತಡವಾಗಿ ನಾಟಿ ಮಾಡಿದವರದ್ದು.

ಕುರಾಮೊಚಿ ಒಳಗೆ ಕರೆದು ಬಾಗಿಲು ಹಾಕಿದ. ಹದಿನೆಂಟು ಬಿಂದುಗಳಲ್ಲಿ ಒಂದೇ ಹೀಗೆ ಎದ್ದು ಕೂತರೆ ಅದು ನೀರಿನ ತಪ್ಪಲ್ಲ, ಹಿಡಿದವರ ತಪ್ಪಿರಬಹುದು ಎಂದು ಬಹಳ ಮೆತ್ತಗೆ ಶುರುಮಾಡಿದ. ಅದೂ ಬಿಂದು ನಿಮ್ಮ ಊರಿನದ್ದೇ; ನಿಮ್ಮ ಕೈಯಲ್ಲಿ, ಬೂಟಿನಲ್ಲಿ, ಗದ್ದೆಯ ಔಷಧಿ ಅಂಟಿಕೊಂಡಿದ್ದರೆ?

"ಬಾಟಲಿ ತೊಳೆಯೋದ್ರಲ್ಲಿ ಸ್ವಲ್ಪ ಏರುಪೇರಾಯ್ತು ಅಂತ ಒಂದು ಕಾಗದ ಬರ್ದು ಮೊಹರು ಹಾಕ್ಬಿಡಿ. ಯಾರಿಗೂ ತೊಂದ್ರೆ ಇಲ್ಲ."

ಜೂನ್ ಹತ್ತಕ್ಕೆ ಸರೋವರದ ನೀರಿನ ಸಮಿತಿ ಕೂರುತ್ತದೆ. ಕಾರಣ ತೋರಿಸದಿದ್ದರೆ ನಾಲ್ಕನೇ ಬಿಂದುವನ್ನೇ ಪಟ್ಟಿಯಿಂದ ತೆಗೆಯುತ್ತಾರಂತೆ. ತೆಗೆದರೆ ಆ ನೀರನ್ನು ಇನ್ನು ಯಾರೂ ನೋಡುವುದಿಲ್ಲ. ಏನು ಹರಿದರೂ ಅದು ಸೊನ್ನೆ. ನನ್ನ ಇಪ್ಪತ್ತಾರು ವರ್ಷವೂ ಹಾಗೆಯೇ, ಬಾಟಲಿ ತೊಳೆಯಲು ಬಾರದವಳು ಎಂಬ ಒಂದು ಸಾಲಿನಲ್ಲಿ ಮುಗಿಯುತ್ತದೆ.

ಯೋಚಿಸಿ ಹೇಳುತ್ತೇನೆ ಎಂದು ಎದ್ದುಬಂದೆ. ಕೈ ತೊಳೆದೆ, ಮತ್ತೆ ತೊಳೆದೆ. ಎಂಥ ಜನ, ಎಂಥ ಕೆಲಸ.

ಮೇ 28, ಮಂಗಳವಾರ

ಹದಿನೆಂಟು ಬಾಟಲಿ. ಮೂರು ಮೂರು ಸಲ. ಕುರಾಮೊಚಿ ಪಕ್ಕದಲ್ಲಿ ನಿಂತು ಎಣಿಸಿದ.

ಮೇ 31, ಶುಕ್ರವಾರ

ಅತ್ತೆ ಕಾಲುವೆ ಕಟ್ಟೆಯ ಮೇಲೆ ಕೂತು ನನ್ನ ಮುಖ ನೋಡಿ, ಹುಳಿ ಬಂದ ಅನ್ನ ತಿಂದವಳ ಹಾಗೆ ಯಾಕಿದ್ದೀ ಎಂದು ಕೇಳಿದರು. ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಮೀನಿಗೆ ಅಗುಳು ಹಾಕುತ್ತಾ ಕೂತು, ಊರಿನವರದ್ದು ಗೊತ್ತಿಲ್ಲ, ನಮ್ಮ ಗದ್ದೆಯಲ್ಲಿ ಮಾತ್ರ ಹಿಸಾಶಿ ಇದ್ದಾಗಿನ ಹಾಗೆಯೇ ನೀರು ಅಳತೆಗೆ ಸರಿಯಾಗಿ ನಿಲ್ಲುತ್ತದೆ, ನಿನ್ನ ಕೈಗುಣ ಒಳ್ಳೆಯದು ಎಂದರು. ನಿಜ ಹೇಳಬೇಕೆಂದರೆ ಆ ಮಾತಿಗೆ ಹಿಗ್ಗಿದೆ. ಬಾಗಿಲ ಮುಂದೆ ಇವತ್ತು ಅವರೆಕಾಯಿ ಇತ್ತು.

ಜೂನ್ 1, ಶನಿವಾರ

ಎರಡನೇ ಸುತ್ತಿನ ಕಳೆನಾಶಕ. ನಾನು, ನಿಶಿವಾಕಿ, ಅವನ ತಮ್ಮ, ಮೂಲೆಮನೆಯವರು, ಒಟ್ಟು ನಾಲ್ಕು ಮನೆಯವರು ಇವತ್ತೇ ಹಾಕಿದೆವು. ಅವರ ಹಲಗೆಗಳನ್ನು ನಾನೇ ಹೋಗಿ ಕೈಯಿಂದ ಅಲ್ಲಾಡಿಸಿ ನೋಡಿದೆ. ನೋಡಿದ್ದನ್ನು ಅವರೂ ನೋಡಿದರು. ನೋಡಲಿ.

ಜೂನ್ 3, ಸೋಮವಾರ

ಇಪ್ಪತ್ತೆಂಟರ ಅಂಕಿ: ಮೂರು. ಆ ವಾರ ಯಾರೂ ಔಷಧಿ ಹಾಕಿರಲಿಲ್ಲ, ಮೂರೇ ಬರಬೇಕು. ಕುರಾಮೊಚಿ ನಗುನಗುತ್ತಾ ನನ್ನ ಮೇಜಿನ ಹತ್ತಿರ ಬಂದು, ನೋಡಿದಿರಾ, ಸರಿಯಾಗಿ ತೊಳೆದರೆ ಎಷ್ಟು ಚೆನ್ನಾಗಿ ಬರುತ್ತದೆ ಎಂದ. ಮಲ್ಲಿಗೆ ವಾಸನೆ. ನನಗೆ ನಿಜವಾಗಿಯೂ ವಾಂತಿ ಬಂತು, ಬಚ್ಚಲಿಗೆ ಓಡಿದೆ.

ನಾಳೆ ಬೆಳಕು ಹರಿಯುವ ಮೊದಲೇ ಬಾಟಲಿ ಹಿಡಿದು ಕಾಲುವೆಗೆ ಹೋಗುತ್ತೇನೆ. ನಾಲ್ಕೂ ಮನೆಯ ತೂಬಿನ ಬಾಯಿಯಲ್ಲಿ ನಿಲ್ಲುತ್ತೇನೆ. ಯಾವ ಕಳ್ಳ ಎಂದು ನೋಡಿಯೇಬಿಡುತ್ತೇನೆ. ಸಿಕ್ಕರೆ ಹೆಸರು, ಮನೆತನ ಸಮೇತ ಸಮಿತಿಯ ಮುಂದೆ ಬಿಚ್ಚುತ್ತೇನೆ.

ಜೂನ್ 4, ಮಂಗಳವಾರ

ನಾಲ್ಕೂವರೆಗೆ ಪಂಪಿನ ಮನೆಯ ಹಿಂದೆ ನಿಂತೆ. ಮಂಜು ಇತ್ತು. ಕಾಲಿಗೆ ಜಿಗಣೆ ಹತ್ತಿತು. ಕಿತ್ತೆ.

ಬಂದದ್ದು ಯಾಹೆಯಿ ತಾತ.

ಮೊದಲು ನಿಶಿವಾಕಿಯ ಗದ್ದೆಗೆ ಹೋದ. ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಪೈರಿನ ಬುಡಕ್ಕೆ ಕೈಯಿಟ್ಟು, ಬೆರಳಲ್ಲಿ ನೀರು ಅಳೆದ. ತಲೆಯಾಡಿಸಿದ, ಮಗುವಿನ ಮೂಗು ಸೋರುವುದನ್ನು ಕಂಡವರು ಆಡಿಸುವ ಹಾಗೆ. ಸನಿಕೆಯ ತುದಿಯಿಂದ ಮೇಲಿನ ಹಲಗೆಯನ್ನು ಎತ್ತಿ ಪಕ್ಕಕ್ಕಿಟ್ಟ. ನೀರು ಕಾಲುವೆಗೆ ಸುರಿಯಿತು. ಅದು ಎರಡು ಬೆರಳಿಗೆ ಇಳಿಯುವ ತನಕ ಅಲ್ಲಿಯೇ ಕೂತಿದ್ದು, ಹಲಗೆಯನ್ನು ಮೊದಲಿದ್ದ ಹಾಗೇ ಕೂರಿಸಿ, ಅಂಚಿಗೆ ಮಣ್ಣು ಸವರಿ, ಮುಂದಿನ ಗದ್ದೆಗೆ ನಡೆದ. ತಮ್ಮನದ್ದೂ ಮೂಲೆಮನೆಯವರದ್ದೂ ಹಾಗೆಯೇ. ಯಾರೂ ಏಳುವ ಮೊದಲೇ ಎಲ್ಲ ಮುಗಿಯುತ್ತದೆ. ಹಗಲು ಬಂದು ನೋಡಿದವರಿಗೆ ಹಲಗೆ ಇದ್ದಲ್ಲೇ ಇರುತ್ತದೆ. ಪುಸ್ತಕದಲ್ಲಿ ಸಹಿ ಮಾಡಿದವರು ಒಬ್ಬರೂ ಸುಳ್ಳು ಬರೆದಿರಲಿಲ್ಲ.

ಕೊನೆಗೆ ನನ್ನ ಗದ್ದೆ. ಹಲಗೆಗೆ ಕೈಹಾಕುವ ಮೊದಲು ಸನಿಕೆ ಊರಿ ನಿಂತು, ಗದ್ದೆಯ ಕಡೆಗೆ ತಲೆ ಬಾಗಿಸಿದ. ಅಲ್ಲಿ ಯಾರೂ ಇರಲಿಲ್ಲ. ಹಿಸಾಶಿ ನಿಲ್ಲುತ್ತಿದ್ದ ಮೂಲೆ ಅದು.

ಅವನು ಎದ್ದು ಹೋಗುವ ಮೊದಲೇ, ಅವನಿಗೆ ಕಾಣದ ಹಾಗೆ ಕಾಲುವೆಯ ತಗ್ಗಿಗೆ ಇಳಿದು ನನ್ನ ತೂಬಿನಿಂದ ಸುರಿಯುವ ನೀರಿಗೆ ಬಾಟಲಿ ಹಿಡಿದೆ. ಆಗಲೂ ಮೂರು ಸಲ ತೊಳೆದೆ.

ಏಡಿ ಬಿಲವಂತೆ. ಎಂಥ ಕತ್ತೆ ನಾನು.

ಜೂನ್ 5, ಬುಧವಾರ

ಕೆಲಸದಿಂದ ಬಂದವಳೇ ತಾತನ ಮನೆಗೆ ಹೋದೆ. ಬೈಯಬೇಕೆಂದೇ ಹೋದದ್ದು. ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡಿದ್ದೆ. ಜಗುಲಿಯ ಮೇಲೆ ಕುಡುಗೋಲು ಮಸೆಯುತ್ತಿದ್ದ. ಬೆಳಗ್ಗೆ ಕಂಡೆ ಎಂದಷ್ಟೇ ಹೇಳಿದೆ. ಕಿವಿಯವರೆಗೆ ಕೆಂಪಾದ. ಸಿಕ್ಕಿಬಿದ್ದ ಕಳ್ಳನ ನಾಚಿಕೆಯಲ್ಲ ಅದು, ಕೊಟ್ಟದ್ದನ್ನು ಕಂಡುಬಿಟ್ಟರಲ್ಲ ಎಂಬ ನಾಚಿಕೆ.

"ಪೈರು ಕುತ್ತಿಗೆವರೆಗೂ ಮುಳುಗಿತ್ತು ಸೊಸೆ. ಪಟ್ಟಣಕ್ಕೆ ಹೋಗೋ ಹುಡುಗ್ರು, ಅವ್ರಿಗೆ ನೀರಿನ ಅಳತೆ ಎಲ್ಲಿ ಗೊತ್ತಾಗ್ತದೆ? ಬಾಯ್ಬಿಟ್ಟು ಹೇಳಿದ್ರೆ ಅವ್ರಿಗೆ ಅವಮಾನ. ಅದಕ್ಕೇ ಸ್ವಲ್ಪ ಇಳಿಸಿ ಬರ್ತೀನಿ."

ಅದು ಅಳತೆ ತಪ್ಪಿದ್ದಲ್ಲ, ಔಷಧಿಗೋಸ್ಕರ ಬೇಕೆಂದೇ ಏರಿಸಿದ ನೀರು ಎಂದು ಹೇಳಿದೆ. ಅವನಿಗೆ ಏಳು ದಿನದ ಮಾತು ಗೊತ್ತು, ಆದರೆ ಏಳು ದಿನ ಎಂದರೆ ಗದ್ದೆ ಒಣಗಿಸಬಾರದು ಎಂದು ತಿಳಿದಿದ್ದಾನೆ. ಅವನ ಕಾಲದಲ್ಲಿ ಕಳೆಯನ್ನು ಮೊಣಕಾಲೂರಿ ಕೈಯಲ್ಲಿ ಕೀಳುತ್ತಿದ್ದರು. ಪೊಟ್ಟಣ ನೀರಿನಲ್ಲಿ ಕರಗಿ ಹೋದರೆ ಅವನ ಕಣ್ಣಿಗೆ ಕಾಣುವುದು ನೀರು, ಅಷ್ಟೇ.

"ನನ್ ಗದ್ದೆದೂ ನೀನೇನಾ ತಾತ? ಎಷ್ಟು ವರ್ಷದಿಂದ?"

"ನಾಕು. ಹಿಸಾಶಿ ಆಸ್ಪತ್ರೇಲಿ ಕೈ ಹಿಡ್ಕೊಂಡು ಹೇಳಿದ್ದ, ಅವ್ಳಿಗೆ ಬಾಟ್ಲಿ ನೀರು ಗೊತ್ತು, ಗದ್ದೆ ನೀರು ಗೊತ್ತಿಲ್ಲ, ನೋಡ್ಕೋ ಅಂತ."

ಅವನು ಕುಡುಗೋಲು ಕೆಳಗಿಟ್ಟು, ಆ ನೀರು ಎಲ್ಲಿಯವರೆಗೆ ಹೋಗುತ್ತದೆ ಎಂದು ಕೇಳಿದ. ಸರೋವರದವರೆಗೆ ಎಂದೆ.

"ಅಂದ್ರೆ ಕೆಳಗಿನ ಮನೆಯವ್ರಿಗೆಲ್ಲ ನಾನೇ ಕುಡ್ಸಿದೀನಿ."

ಕುಡಿಯುವ ನೀರು ಬೇರೆ, ಅಷ್ಟರಿಂದ ಯಾರೂ ಸಾಯುವುದಿಲ್ಲ ಎಂದೆಲ್ಲ ಏನೇನೋ ಹೇಳಿದೆ. ಇಪ್ಪತ್ತಾರು ವರ್ಷದಲ್ಲಿ ನಾನು ಯಾರಿಗೂ ಹೇಳದ ಸಮಾಧಾನದ ಮಾತು ಅದು. ಅವನು ಕೇಳಿಸಿಕೊಳ್ಳಲಿಲ್ಲ. ಸಭೆ ಕರೆಸಿ ತಾನೇ ಒಪ್ಪಿಕೊಳ್ಳುತ್ತೇನೆ ಎಂದ. ಹತ್ತನೇ ತಾರೀಖಿನವರೆಗೆ ಬಾಯಿ ಬಿಡಬೇಡ ಎಂದು ಗದರಿಸಿ ಮಾತು ತೆಗೆದುಕೊಂಡೆ. ಬೈಯಲು ಹೋದವಳು ಎರಡು ಲೋಟ ಚಹಾ ಕುಡಿದು ಬಂದೆ. ಥೂ ನನ್ನ.

ಜೂನ್ 7, ಶುಕ್ರವಾರ

ನನ್ನ ತೂಬಿನ ಬಾಯಿಯ ನೀರು: ಇನ್ನೂರ ಹತ್ತು. ಅದೇ ದಿನ ಹತ್ತು ಗಂಟೆಗೆ ನಾಲ್ಕನೇ ಬಿಂದು: ಹದಿನೇಳು. ಅನುಮಾನಕ್ಕೆ ಎಡೆಯೇ ಇಲ್ಲ. ಇನ್ನೇನು ಬೇಕು, ಕಳ್ಳ ಸಿಕ್ಕ. ಊಟ ಮಾಡಲಿಲ್ಲ.

ಜೂನ್ 8, ಶನಿವಾರ

ಮೂರು ಕಾಗದ ಬರೆದೆ, ಮೂರನ್ನೂ ಹರಿದೆ. ಅವನ ಹೆಸರು ಬರೆದರೆ ಅರವತ್ತು ವರ್ಷ ಊರಿನ ನೀರು ಕಾದವನು ಸರೋವರ ಕೆಡಿಸಿದವನಾಗಿ ಸಾಯುತ್ತಾನೆ. ಬಾಟಲಿ ಎಂದು ಬರೆದರೆ ಆ ಬಿಂದುವಿನ ಅಂಕಿಯೇ ಸುಳ್ಳಾಗುತ್ತದೆ, ಮುಂದಿನ ವರ್ಷ ಇನ್ನೊಬ್ಬ ಇನ್ನೊಂದು ಹಲಗೆ ತೆಗೆದರೂ ಕೇಳುವವರಿಲ್ಲ. ಅತ್ತೆ ಹರಿದ ಕಾಗದ ನೋಡಿ, ಒಲೆಗೆ ಆಯಿತು ಎಂದು ಬಾಚಿಕೊಂಡು ಹೋದರು.

ಜೂನ್ 10, ಸೋಮವಾರ

ಸಮಿತಿಯಲ್ಲಿ ಒಂಬತ್ತು ಜನ. ಕುರಾಮೊಚಿ ನನ್ನ ಪರವಾಗಿ ಬಾಟಲಿಯ ಕಾಗದವನ್ನು ಅಚ್ಚು ಹಾಕಿಸಿಯೇ ತಂದಿದ್ದ, ಮೊಹರಿನ ಜಾಗ ಖಾಲಿ ಬಿಟ್ಟು. ನಾನು ನನ್ನ ಎರಡು ಅಂಕಿ ಓದಿದೆ. ಔಷಧಿ ಹಾಕಿದ ಮೂರನೇ ದಿನ ಹಲಗೆ ತೆಗೆದ ಗದ್ದೆಯಿಂದ ಇನ್ನೂರ ಹತ್ತು, ಕೆಳಗೆ ಬಿಂದುವಿನಲ್ಲಿ ಹದಿನೇಳು. ಬಾಟಲಿಯಲ್ಲಿ ತಪ್ಪಿಲ್ಲ, ನೀರಿನಲ್ಲಿ ಇದೆ. ಗದ್ದೆ ಯಾರದ್ದು ಎಂದು ವಿಶ್ವವಿದ್ಯಾಲಯದ ಹಿರಿಯರೊಬ್ಬರು ಕೇಳಿದರು. ನನ್ನದು ಎಂದೆ.

"ಹಲಗೆ ತೆಗ್ದಿದ್ದು ಯಾರು?"

"ಗದ್ದೆ ನಂದು. ಹಲಗೆ ನಂದು. ಹೊಣೆ ನಂದು."

ಯಾರೂ ನನ್ನ ಕಡೆ ನೋಡಲಿಲ್ಲ. ಒಬ್ಬರು ಕನ್ನಡಕ ಒರೆಸಿದರು. ಉಳಿದ ಗದ್ದೆಗಳ ಕಥೆಯೂ ಇದೇ ಇರಬಹುದು, ಮುಂದಿನ ವರ್ಷದಿಂದ ತೂಬುಗಳನ್ನು ಬೆಳಗಿನ ಜಾವ ಪರೀಕ್ಷಿಸಬೇಕು ಎಂದು ಬರೆದುಕೊಂಡರು. ನಾಲ್ಕನೇ ಬಿಂದು ಪಟ್ಟಿಯಲ್ಲಿ ಉಳಿಯಿತು. ಪಡಸಾಲೆಯಲ್ಲಿ ಕುರಾಮೊಚಿ, ಬಾಟಲಿ ಎಂದಿದ್ದರೆ ನಿಮಗೇ ಸುಲಭವಿತ್ತಲ್ಲ ಎಂದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಬಾಟಲಿ ಚೊಕ್ಕ ಇತ್ತು ಎಂದೆ.

ನೀರು ಕೆಡಿಸಿದವಳು ನೀರು ಅಳೆಯುವುದು ಸರಿಯಲ್ಲವಂತೆ. ನಾಳೆಯಿಂದ ಹಾಯಸೆ ಹಳ್ಳಕ್ಕೆ ಬೇರೆಯವರು.

ಜೂನ್ 12, ಬುಧವಾರ

ಸುದ್ದಿ ನನಗಿಂತ ಮೊದಲೇ ಊರು ಸೇರಿತ್ತು. ನಿಶಿವಾಕಿ ಸಿಹಿಯ ಡಬ್ಬಿ ಹಿಡಿದು ಬಂದ. ಮುಖದ ತುಂಬ ದುಃಖ, ದುಃಖದ ಅಡಿಯಲ್ಲಿ ಸಮಾಧಾನ ಜಿನುಗುತ್ತಿತ್ತು. ನಿಮ್ಮಿಂದಲೇ ಆಯಿತು ಎಂದು ನಾವ್ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ, ಆದರೂ ಈ ವರ್ಷ ನಿಮ್ಮ ಅಕ್ಕಿ ಚೀಲಕ್ಕೆ ಮಾತ್ರ ಮೀನಿನ ಚಿತ್ರ ಅಂಟಿಸುವುದು ಬೇಡವೇನೋ ಎಂದ. ಭಾನುವಾರ ತಾನು ಇನ್ನೊಂದು ಗದ್ದೆಗೆ ಔಷಧಿ ಹಾಕಿ, ಏಳು ದಿನದ ನೀರು ಕಟ್ಟಿದ್ದೇನೆ ಎಂದೂ ಸೇರಿಸಿದ. ಬಗ್ಗಿ ಬಗ್ಗಿ ನಮಸ್ಕರಿಸಿ ಹೋದ. ಡಬ್ಬಿಯನ್ನು ಕಸಕ್ಕೆ ಎಸೆಯಲು ಎತ್ತಿದೆ. ಅತ್ತೆ ಕಿತ್ತುಕೊಂಡರು.

"ಅವ್ನು ಕೊಟ್ಟ ಅಂತ ಸಿಹಿ ಏನ್ ಮಾಡ್ತು?"

ಎರಡು ತಿಂದರು. ನನಗೂ ಒಂದು ತುರುಕಿದರು. ಕೆಂಪು ಹುರುಳಿ ಹೂರಣ. ಚೆನ್ನಾಗಿತ್ತು, ಹಾಳಾಗಲಿ.

ಜೂನ್ 13, ಗುರುವಾರ

ಬೆಳಗ್ಗೆ ಬಾಗಿಲು ತೆಗೆದರೆ ಹೊಸ್ತಿಲಿಗೆ ಒರಗಿಸಿಟ್ಟ ತಾತನ ಸನಿಕೆ.

ತೊಳೆದು, ಒರೆಸಿ, ಕಾವಿಗೆ ಎಣ್ಣೆ ತಿಕ್ಕಿ ಇಟ್ಟಿದ್ದಾನೆ. ಹಲಗೆ ಎತ್ತಿ ಎತ್ತಿ ಅಲಗಿನ ಒಂದು ಮೂಲೆ ಸವೆದು ದುಂಡಗಾಗಿದೆ. ಅತ್ತೆ ಬಂದು ಆ ಮೂಲೆಯ ಮೇಲೆ ಬೆರಳಾಡಿಸಿದರು. ಅವನ ಸ್ವಂತ ಮಗನಿಗೂ ಇದನ್ನು ಮುಟ್ಟಲು ಬಿಟ್ಟಿರಲಿಲ್ಲ ಎಂದರು.

ಇನ್ನು ಕೈಲಾಗುವುದಿಲ್ಲ ಎಂದೋ, ನಾನು ಯೋಗ್ಯನಲ್ಲ ಎಂದೋ, ನೀನು ನೋಡಿಕೋ ಎಂದೋ. ಕೇಳುವ ಹಾಗಿಲ್ಲ. ಬಾಗಿಲ ಮುಂದೆ ಇಟ್ಟದ್ದನ್ನು ಹಿಂದಕ್ಕೆ ಒಯ್ಯುವ ಹಾಗೂ ಇಲ್ಲ. ಅಂಗಳದಲ್ಲಿ ನಿಂತು ಅತ್ತೆಗೆ ಬೆನ್ನು ಹಾಕಿ ಕಣ್ಣೀರು ಸುರಿಸಿದೆ. ಅವರು ಮೀನಿಗೆ ಅಗುಳು ಹಾಕಲು ಒಳಗೆ ಹೋದರು.

ಜೂನ್ 14, ಶುಕ್ರವಾರ

ನಾಲ್ಕೂವರೆಗೆ ಹೋದೆ. ಮಂಜು, ಕೊಚ್ಚೆ ವಾಸನೆ, ಮತ್ತೆ ಜಿಗಣೆ, ಈ ಸಲ ಎರಡು. ನಿಶಿವಾಕಿ ಭಾನುವಾರ ಔಷಧಿ ಹಾಕಿದ ಗದ್ದೆಯಲ್ಲಿ ನೀರು ಪೈರಿನ ಕುತ್ತಿಗೆಗೆ ಬಂದಿದೆ. ನೋಡಿದರೆ ಯಾರಿಗಾದರೂ ಕೈ ತಡೆಯುವುದಿಲ್ಲ. ಬೆರಳಿಟ್ಟು ಅಳೆದೆ, ನಾಲ್ಕು. ಹಲಗೆಯ ಅಂಚು ಜಿನುಗುತ್ತಿತ್ತು, ಅವಸರದ ಮನುಷ್ಯ ಸರಿಯಾಗಿ ಮೆತ್ತಿರಲಿಲ್ಲ. ಸನಿಕೆಯಿಂದ ಮಣ್ಣು ತೆಗೆದು ಸವರಿದೆ. ಭಾನುವಾರದವರೆಗೆ ಇರಲಿ. ಅವನಿಗೆ ಹೇಳುವುದೇನೂ ಬೇಡ.

ಸೇತುವೆಯ ಮೇಲೆ ಯಾಹೆಯಿ ತಾತ ಬರಿಗೈಯಲ್ಲಿ ನಿಂತಿದ್ದ. ನಾನು ಪಕ್ಕದಿಂದ ಹಾದುಹೋದಾಗ ನನ್ನನ್ನು ನೋಡಲಿಲ್ಲ, ನನ್ನ ಕೈಯಲ್ಲಿದ್ದದ್ದನ್ನು ನೋಡಿದ. ಕೆಳಗಿನ ತೂಬಿನ ಕಡೆ ಗಲ್ಲ ಎತ್ತಿ ತೋರಿಸಿದ. ಅಲ್ಲಿಯೂ ಜಿನುಗುತ್ತಿತ್ತು. ಅದಕ್ಕೂ ಮಣ್ಣು ಸವರಿದೆ.

ಸಂಜೆ ಅತ್ತೆಯ ಹಳೆಯ ಪೀಪಾಯಿಯಿಂದ ಒಂದು ಇಡೀ ಫುನಾಜುಶಿ ತೆಗೆದು, ಎಲೆಯಲ್ಲಿ ಸುತ್ತಿ, ಅವನ ಬಾಗಿಲ ಮುಂದೆ ಇಟ್ಟು ಬಂದೆ.

ಸನಿಕೆ ನನಗೆ ಉದ್ದವಾಗುತ್ತದೆ, ಭುಜ ನೋಯುತ್ತಿದೆ. ಕಾವನ್ನು ನಾಲ್ಕು ಬೆರಳು ಕೊಯ್ಯಿಸಬೇಕು.